ಕೆಂಪು ದಾರದ ನಲವತ್ತೇಳು

ಅಲ್ಲ ಅಲ್ಲ, ಆ ಕುರ್ಚಿ ಬೇಡ! ಈ ಕಡೆ ಬನ್ನಿ, ಇದರ ಮೇಲೆ ಕೂತ್ಕೊಳ್ಳಿ. ಅದರ ಕಾಲು ಅಲ್ಲಾಡುತ್ತೆ... ಹೌದು, ಹೊದಿಕೆ ಹಾಕಿದ್ದೀನಿ. ಧೂಳಾಗಬಾರದು ಅಂತ. ಎತ್ತಬೇಡಿ. ಎತ್ತಬೇಡಿ ಅಂದೆನಲ್ಲ!... ಸರಿ. ಏನೋ ಕೇಳ್ತಾ ಇದ್ರಿ. ಮನೆಯಲ್ಲಿ ಒಬ್ಬರೇನಾ ಅಂತ. ಹೌದು, ಒಬ್ಬಳೇ. ಬರ್ಕೊಳ್ಳಿ. ಅದನ್ನು ಕೇಳೋಕೆ ದನಿ ಅಷ್ಟು ತಗ್ಗಿಸೋದು ಯಾಕೆ? ಒಬ್ಬಳೇ ಇರೋದು ಕಾಯಿಲೆ ಅಲ್ಲ.

ಬೆಕ್ಕು ಕೊಡೋ ಮೊದಲು ನಾಲ್ಕು ಗಂಟೆಗೆ ಮನೆ ನೋಡೋಕೆ ಬರ್ತೀವಿ ಅಂತ ನಿಮ್ಮ ಆಶ್ರಯಧಾಮದಿಂದ ಫೋನ್ ಮಾಡಿದ್ರು. ನೀವು ಬೆಲ್ ಒತ್ತಿದ್ದು ನಾಲ್ಕು ಹನ್ನೆರಡಕ್ಕೆ. ಬಸ್ಸಾ? ಹೂಂ. ಬಸ್ಸಿಗೆ ಬಾಯಿಲ್ಲ, ಪಾಪ, ಎಲ್ಲರ ತಪ್ಪೂ ಅದರ ತಲೆಗೇ. ನಾನು ಕಾನ್ವೆಂಟ್ ಹಾಸ್ಟೆಲಿನಲ್ಲಿ ಬೆಳೆದವಳು. ಎರಡು ನಿಮಿಷ ತಡವಾದರೆ ಊಟದ ಮನೆ ಬಾಗಿಲು ಮುಚ್ಚಿರೋದು. ಹಸಿವಿಗಿಂತ ಒಳ್ಳೇ ಗಡಿಯಾರ ಇಲ್ಲ, ತಿಳೀತಾ? ಬೆಕ್ಕಿಗೂ ಹೊತ್ತು ಹೊತ್ತಿಗೆ ಸರಿಯಾಗಿ ಊಟ ಬೀಳುತ್ತೆ ಅಂತ ಇದರಿಂದಲೇ ನಿಮಗೆ ಗೊತ್ತಾಗಬೇಕು. ಅದನ್ನೂ ಬರ್ಕೊಳ್ಳಿ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನನಗೆ ಬೇಕಾಗಿರೋದು ಆ ಬೂದು ಬೆಕ್ಕೇ. ಒಂಬತ್ತನೇ ಗೂಡಿನದು, ಎಡಗಿವಿ ಹರಿದಿರೋದು. ಮರಿ ಇದೆ ಮೇಡಂ, ಬಿಳೀದಿದೆ ಮೇಡಂ, ಇನ್ನೊಂದು ನೋಡಿ ಮೇಡಂ... ಅದೆಲ್ಲ ಬೇಡ. ನಾನು ಬಟ್ಟೆ ಅಂಗಡಿಗೆ ಬಂದಿರಲಿಲ್ಲ. ಮೂರು ಸಲ ಬಂದೆ ನಿಮ್ಮಲ್ಲಿಗೆ. ಮೂರು ಸಲವೂ ಅದು ನನಗೆ ಬೆನ್ನು ತಿರುಗಿಸಿ ಕೂತಿತ್ತು. ಕೂರಲಿ! ಎಲ್ಲರ ಕಾಲಿಗೆ ಸುತ್ತಿಕೊಳ್ಳೋ ಬೆಕ್ಕು ಯಾರಿಗೆ ಬೇಕು? ಹನ್ನೊಂದು ವರ್ಷದ ಮುದಿ ಬೆಕ್ಕನ್ನು ತಾನಾಗಿ ಕೇಳ್ಕೊಂಡು ಬಂದಿದ್ದಾರಲ್ಲ ಅಂತ ನೀವು ಸಂತೋಷ ಪಡಬೇಕು...

ಏನು? ಕಾರ್ಡಿನಲ್ಲಿ ಎಂಟು ಅಂತ ಇದೆಯಾ?... ಇರಬಹುದು. ನಾನು ಹಲ್ಲು ನೋಡಿ ಅಂದಾಜು ಮಾಡಿದೆ. ಬೆನ್ನು ತಿರುಗಿಸಿದ್ದರೆ ಹಲ್ಲು ಹೇಗೆ ಕಾಣಿಸಿತು ಅಂತೀರಾ? ಒಂದು ಸಲ ಆಕಳಿಸಿತು. ಬೆಕ್ಕು ಆಕಳಿಸಬಾರದಾ?

ಚಹಾ ತಗೊಳ್ಳಿ, ಆರುತ್ತೆ. ಈ ಕೈಬಟ್ಟೆ ತೊಡೆ ಮೇಲೆ ಹಾಸ್ಕೊಳ್ಳಿ.

ಯಾಕೆ ನಗ್ತೀರಿ? ಮೂಲೆಯಲ್ಲಿರೋ ನಂಬರು ನೋಡಿಯಾ? ನಗಿ, ನಗಿ. ಹಾಸ್ಟೆಲಿನಲ್ಲಿ ನೂರಿಪ್ಪತ್ತು ಹುಡುಗಿಯರ ಬಟ್ಟೆ ಒಂದೇ ಕಡೆ ಒಗೆಯೋರು. ಯಾರದು ಯಾರಿಗೆ ಹೋಗಬೇಕು? ಅದಕ್ಕೆ ಒಬ್ಬೊಬ್ಬಳಿಗೂ ಒಂದೊಂದು ನಂಬರು. ಕೆಂಪು ದಾರದಲ್ಲಿ, ಮೂಲೆಯಲ್ಲಿ, ಗುಣಾಕಾರದ ಗುರುತಿನ ಹಾಗೆ ಸಣ್ಣ ಸಣ್ಣ ಹೊಲಿಗೆ. ಹೊಲಿಗೆ ಕಲಿಸೋ ಸಿಸ್ಟರ್ ಮುಂಬದಿ ನೋಡ್ತಲೇ ಇರಲಿಲ್ಲ, ಹಿಂಬದಿ ತಿರುಗಿಸಿ ನೋಡೋರು. ಎದುರಿಗೆ ಎಲ್ಲರೂ ಚೆನ್ನಾಗಿರ್ತಾರೆ ಅನ್ನೋರು. ನೀವೂ ತಿರುಗಿಸಿ ನೋಡಿ. ಒಂದು ಗಂಟು ಕಾಣಿಸ್ತಾ? ಕಾಣಿಸಲ್ಲ. ಆರನೇ ವಯಸ್ಸಿಗೆ ನನಗೆ ಕೊಟ್ಟ ನಂಬರು ನಲವತ್ತೇಳು. ಅವತ್ತಿಂದ ಇವತ್ತಿನವರೆಗೆ ನನ್ನ ಮನೆಯಲ್ಲಿ ನಲವತ್ತೇಳು ಇಲ್ಲದ ಬಟ್ಟೆ ಅಂತ ಇಲ್ಲ. ಟವೆಲು, ಚಾದರ, ದಿಂಬಿನ ಚೀಲ, ಪಾತ್ರೆ ಒರೆಸೋ ಬಟ್ಟೆ, ಎಲ್ಲ. ಆಮೇಲೆ ಆಸ್ಪತ್ರೆಯಲ್ಲಿ ಬಟ್ಟೆ ಉಗ್ರಾಣದ ಉಸ್ತುವಾರಿ ಸಿಕ್ಕಿತು. ಇಪ್ಪತ್ತೊಂಬತ್ತು ವರ್ಷ, ಆರುನೂರು ಹಾಸಿಗೆ. ನನ್ನ ಕೈಯಿಂದ ಒಂದು ಚಾದರ ಕಳೆದಿದ್ದರೆ ಈಗಲೇ ಹೇಳಿ ಅಂತ ರಿಟೈರಾದ ದಿನ ಎಲ್ಲರ ಎದುರಿಗೆ ಕೇಳಿದೆ. ಒಬ್ಬರೂ ಬಾಯಿ ಬಿಡಲಿಲ್ಲ.

ಈ ನಂಬರಿಗೆ ನಕ್ಕಿದ್ದು ನೀವೇ ಮೊದಲಲ್ಲ ಬಿಡಿ. ನಮ್ಮ ಅತ್ತೆ ನಕ್ಕಿದ್ರು, ನಾನು ಸೊಸೆಯಾಗಿ ಬಂದ ಮೊದಲನೇ ವಾರವೇ. ಒಳ್ಳೇ ಮನಸ್ಸಿನಿಂದ ಅವರ ಶಾಲಿಗೂ ಹಾಕಿಕೊಟ್ಟೆ. ‘ನಾನೇನು ಜೈಲಿನಲ್ಲಿದ್ದೀನಾ?’ ಅಂತ ಸೂಜಿ ತಗೊಂಡು, ಒಂದೊಂದೇ ಎಳೆ ಕಿತ್ತು, ನನ್ನ ಮುಂದೆಯೇ ಕಸದ ಬುಟ್ಟಿಗೆ ಹಾಕಿದ್ರು! ಅವತ್ತಿಂದ ಆ ಹೆಂಗಸು ನನ್ನ ಹೆಸರು ಹಿಡಿದು ಕರೀಲೇ ಇಲ್ಲ. ‘ಏ ನಲವತ್ತೇಳೂ, ನೀರು ತಾ. ನಲವತ್ತೇಳೂ, ನನ್ನ ಕನ್ನಡಕ ಎಲ್ಲಿಟ್ಟೆ?’ ಮೂವತ್ತೊಂದು ವರ್ಷ!

ಅವರ ಮಗ... ಅಂದ್ರೆ ನನ್ನ ಗಂಡ... ಮದುವೆಯಾಗಿ ಆರನೇ ವರ್ಷಕ್ಕೇ ತೀರಿಕೊಂಡ್ರು. ಉಳಿದವರು ಅತ್ತೆ, ನಾನು, ಇಬ್ಬರೇ. ಒಂದೇ ಸೂರು, ಒಂದೇ ಒಲೆ. ತೌರಿಗೆ ಯಾಕೆ ಹೋಗಲಿಲ್ಲ ಅಂತ ಎಲ್ಲರೂ ಕೇಳ್ತಾರೆ. ಹೋಗಿದ್ದರೆ ಅವರು ಗೆದ್ದ ಹಾಗಾಗ್ತಿರಲಿಲ್ವಾ? ಅವರೂ ಮಗಳ ಮನೆಗೆ ಹೋಗಲಿಲ್ಲ, ಅದೇ ಕಾರಣಕ್ಕೆ. ನಾನು ಉತ್ತರ ಅಂದರೆ ಅವರು ದಕ್ಷಿಣ. ನಾನು ಇಟ್ಟ ಡಬ್ಬಿ ಅವರು ತೆಗೀಬೇಕು, ಅವರು ತೆಗೆದಿದ್ದು ನಾನು ಮತ್ತೆ ಇಡಬೇಕು. ದಿನ ಹೋಗಿದ್ದೇ ಗೊತ್ತಾಗ್ತಿರಲಿಲ್ಲ.

ಅವರು ಹೋಗಿ ಐದು ವಾರವಾಯಿತು... ಬೇಡ. ಆ ಮುಖ ಮಾಡಬೇಡಿ. ನನಗೆ ಅನುಕಂಪ ಬೇಡ, ಬೆಕ್ಕು ಬೇಕು.

ಎದ್ದೇಳಿ, ಮನೆ ನೋಡಿ. ಅದಕ್ಕೇ ತಾನೇ ಬಂದಿರೋದು? ಕಿಟಕಿಗೆಲ್ಲ ಜಾಲರಿ ಹಾಕಿಸಿದ್ದೀನಿ. ಮೂರನೇ ಮಹಡಿ ನೋಡಿ, ಪಾರಿವಾಳ ಕಂಡರೆ ಬೆಕ್ಕಿಗೆ ಮಹಡಿ ನೆನಪಿರಲ್ಲ. ಬಡಗಿ ಹೋದ ಮೇಲೆ ಒಂದೊಂದನ್ನೂ ಜಗ್ಗಿ ನೋಡಿದೆ. ಒಂದು ಮೂಲೆ ಸಡಿಲ ಇತ್ತು, ವಾಪಸ್ ಕರೆಸಿದೆ. ‘ಹುಲಿ ಏನಾದರೂ ತರ್ತಿದ್ದೀರಾ ಅಮ್ಮ?’ ಅಂದ. ಹುಲಿಗಾಗಿದ್ದರೆ ಒಳ್ಳೇ ಬಡಗಿಯನ್ನೇ ಕರೀತಿದ್ದೆ ಅಂದೆ. ವಯರುಗಳನ್ನೆಲ್ಲ ಗೋಡೆಗೆ ಬಿಗಿದಿದ್ದೀನಿ. ಲಿಲ್ಲಿ ಹೂವಿನ ಕುಂಡ ಪಕ್ಕದ ಮನೆಗೆ ಹೋಯಿತು. ಅದರ ಎಲೆ ಕಚ್ಚಿದರೂ ಬೆಕ್ಕಿಗೆ ವಿಷ. ನಿಮಗೆ ಗೊತ್ತಿತ್ತಾ? ಗೊತ್ತಿರಬೇಕು, ನಿಮ್ಮ ಕೆಲಸ ಅದು.

ಇದು ಅತ್ತೆಯ ಕೋಣೆ. ಮೊದಲ ವಾರ ಬೆಕ್ಕಿಗೆ ಇದೇ. ಹೊಸ ಮನೆ ಅಂತ ಗಾಬರಿ ಆಗಬಾರದಲ್ಲ. ಮರಳಿನ ತಟ್ಟೆ ಈ ಮೂಲೆ, ಊಟದ ಬಟ್ಟಲು ಆ ಮೂಲೆ. ಕಕ್ಕಸಿನ ಪಕ್ಕ ತಟ್ಟೆ ಹಾಕಿದರೆ ನೀವು ಉಣ್ತೀರಾ? ಉಗುರು ಕೆರೆಯೋಕೆ ಈ ಕಂಬ. ಹಗ್ಗ ನಾನೇ ಸುತ್ತಿದ್ದು, ಒಂದು ಸುತ್ತು ಇನ್ನೊಂದರ ಮೇಲೆ ಹತ್ತಿದ್ದರೆ ತೋರಿಸಿ. ಪಶುವೈದ್ಯರ ಹತ್ತಿರ ಶುಕ್ರವಾರ ಹತ್ತೂವರೆಗೆ ತಪಾಸಣೆ ಗೊತ್ತುಮಾಡಿದ್ದೀನಿ. ಮನೆಗೆ ಕರ್ಕೊಂಡು ಬರೋಕೆ ಮುಚ್ಚಳದ ಬುಟ್ಟಿ ಹಾಲಿನಲ್ಲಿದೆ, ಮೇಜಿನ ಪಕ್ಕ, ಬರುವಾಗ ನೋಡಿದ್ರಲ್ಲ. ಮಲಗೋ ಜಾಗ ಮಂಚದ ಮೇಲೆ, ಈ ಗೋಡೆಗೆ ಒತ್ತಿ. ಬೆನ್ನಿಗೆ ಗೋಡೆ ತಾಗದಿದ್ದರೆ ಮಲಗಲ್ಲ ಅದು...

ಬೆಕ್ಕುಗಳು ಅಂತ! ಎಲ್ಲ ಬೆಕ್ಕುಗಳೂ. ಪುಸ್ತಕದಲ್ಲಿದೆ. ಯಾವ ಪುಸ್ತಕ? ಲೈಬ್ರರಿಯದು. ವಾಪಸ್ ಕೊಟ್ಟೆ.

ಎಲ್ಲಿಗೆ ಹೊರಟಿರಿ? ಬಚ್ಚಲ ನಲ್ಲಿಯಾ? ಬಿಡಿ, ಮುಚ್ಚಬೇಡಿ! ತೊಟ್ಟಿಕ್ಕಲಿ. ನಲ್ಲಿ ಕೆಟ್ಟಿಲ್ಲ, ನಾನೇ ಅಷ್ಟು ಬಿಟ್ಟಿರೋದು. ಕೆಲವು ಬೆಕ್ಕು ಬಟ್ಟಲಿನ ನೀರಿಗೆ ಮೂತಿ ಇಡಲ್ಲ, ಎಷ್ಟು ಶುದ್ಧ ಇದ್ದರೂ. ತೊಟ್ಟಿಕ್ಕೋ ನಲ್ಲಿ ಕೆಳಗೆ ತಲೆ ಓರೆ ಮಾಡ್ಕೊಂಡು ನೆಕ್ಕೋದೇ ಅದಕ್ಕೆ ಶೋಕಿ... ಅದೂ ಪುಸ್ತಕದಲ್ಲೇ ಇತ್ತು. ಹೌದು, ದೊಡ್ಡ ಪುಸ್ತಕ.

ಬನ್ನಿ, ಹಾಲಿಗೆ ಬನ್ನಿ. ಸಹಿ ಎಲ್ಲಿ ಹಾಕಬೇಕು ಹೇಳಿ. ಬೆಕ್ಕಿನ ಹೆಸರಾ? ನೀವು ಇಟ್ಟಿರೋದೇನು, ಮುತ್ತು? ಮುತ್ತಂತೆ! ಆ ಮುಖಕ್ಕಾ? ಸಾವಿರ ಸಲ ಕೂಗಿದರೂ ತಿರುಗಿ ನೋಡಲ್ಲ. ಕಳ್ಳಿ ಅಂದ್ರೆ... ಅಂದ್ರೆ, ಹಾಗೇನಾದರೂ ಕರೆದರೆ ತಿರುಗಬಹುದು. ಮೆತ್ತಗೆ ನಡೆಯುತ್ತೆ, ಮೀನು ಕದಿಯೋ ಕಣ್ಣು. ಕಳ್ಳಿ ಅನಿಸಿತು. ಯಾರಿಗಾದರೂ ಅನಿಸುತ್ತೆ.

ಮತ್ತೆ ಆ ಕುರ್ಚಿ!... ಎತ್ತೇಬಿಟ್ಟಿರಾ? ಸರಿ, ನೋಡಿ. ಕಣ್ತುಂಬ ನೋಡಿ. ಹರಿದಿದೆ. ಅತ್ತೆ ಕೂರ್ತಿದ್ದ ಕುರ್ಚಿ, ಅವರ ಊರುಗೋಲು ತಗುಲಿ ತಗುಲಿ ಹರಿದಿದೆ... ಹೌದು, ನನಗೂ ಕಣ್ಣಿದೆ, ನಾಲ್ಕು ನಾಲ್ಕು ಗೆರೆ ಒಟ್ಟೊಟ್ಟಿಗೆ ಇವೆ. ಊರುಗೋಲಿಗೆ ನಾಲ್ಕು ಕಾಲಿತ್ತು! ಆಸ್ಪತ್ರೆಯವರು ಕೊಡ್ತಾರಲ್ಲ, ಅಂಥದ್ದು. ನೀವು ನೋಡಿಲ್ಲ ಅಂದ್ರೆ ಅದು ನನ್ನ ತಪ್ಪಾ?

ಏನು, ಏಳನೇ ಕಾಲಂ? ಬರೆದಿದ್ದೀನಲ್ಲ. ‘ಈ ಮೊದಲು ಯಾವುದಾದರೂ ಸಾಕುಪ್ರಾಣಿಯನ್ನು ಬಿಟ್ಟಿದ್ದೀರಾ?’ ಇಲ್ಲ. ಇಂಕ್ ಪೆನ್ನಿನಲ್ಲಿ, ದುಂಡಗೆ. ಓದೋಕೆ ಕಷ್ಟವಾ? ನಿಮ್ಮ ಬಾಗಿಲ ಪಕ್ಕದ ಬೋರ್ಡು ಓದಿಯೇ ಒಳಗೆ ಬಂದವಳು ನಾನು. ಒಂದು ಸಲ ಬಿಟ್ಟು ಹೋದವರಿಗೆ ಮತ್ತೆ ಕೊಡೋದಿಲ್ಲ. ಒಳ್ಳೇ ನಿಯಮ. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಇನ್ನೂ ದೊಡ್ಡ ಅಕ್ಷರದಲ್ಲಿ ಬರೆಸ್ತಿದ್ದೆ. ಅಂಥವರಿಗೆ ಕೊಡಬಾರದು. ಮೂಕಪ್ರಾಣಿ ಏನು ಆಟದ ಸಾಮಾನಾ?

ಸರಿ, ಸಹಿ ಮಾಡಿ. ನಿಮ್ಮದು ಒಂದು, ನನ್ನದು ಒಂದು, ಮುಗೀತು.

ಯಾಕೆ? ಪೆನ್ನು ಯಾಕೆ ಕೆಳಗಿಟ್ಟಿರಿ?

ಕೇಳಿ. ಇನ್ನೇನಾದರೂ ಕೇಳಬೇಕಾ? ಕೇಳಿ ಅಂದೆ. ಇಷ್ಟು ಹೊತ್ತು ಪಟಪಟ ಅಂತ ಕೇಳ್ತಿದ್ರಿ... ಬ್ಯಾಗಿನಲ್ಲಿ ಏನು ಹುಡುಕ್ತೀರಿ? ಇನ್ನೊಂದು ಫಾರಂ ಇದೆಯಾ? ಕೊಡಿ, ಅದನ್ನೂ ತುಂಬಿಸ್ತೀನಿ, ನನಗೇನು...

...

ಅದನ್ನು ಮೇಜಿನ ಮೇಲೆ ಹಾಗೆ ಮುದ್ದೆ ಹಾಕಬೇಡಿ. ಟವೆಲು ಅದು.

ನೋಡಿದೆ. ಮೂಲೆ ತಿರುಗಿಸಿ ತೋರಿಸೋದು ಬೇಕಾಗಿಲ್ಲ, ನನ್ನ ಹೊಲಿಗೆ ನನಗೆ ಗೊತ್ತಾಗಲ್ವಾ? ನಲವತ್ತೇಳು... ಬೇರೆ ಯಾವುದೋ ಹಾಸ್ಟೆಲಿನಲ್ಲಿ ಇನ್ನೊಬ್ಬ ನಲವತ್ತೇಳು ಇರಬಹುದು. ಇರಬಾರದಾ? ಎಷ್ಟು ಹಾಸ್ಟೆಲ್ ಇಲ್ಲ? ಬೆತ್ತದ ಬುಟ್ಟಿಯಲ್ಲಿ ಹಾಕಿ ಗೇಟಿನ ಹತ್ತಿರ ಯಾರೋ ಇಟ್ಟು ಹೋದರೆ...

ಬುಟ್ಟಿ ಅಂತ ನೀವು ಹೇಳಲಿಲ್ಲ, ಅಲ್ವಾ? ಗೇಟು ಅಂತಲೂ ಹೇಳಲಿಲ್ಲ. ನೀವು ಬಾಯೇ ಬಿಟ್ಟಿಲ್ಲ.

ಕಣ್ಣು ಮುಚ್ಕೊಂಡು ಹಾಲು ಕುಡೀತಿದ್ದೆ ಅನ್ನಿ. ಅನ್ನಿ! ಬೈಯಿರಿ! ನಿಮಗೀಗ ಗಾದೆ ನೆನಪಾಗ್ತಿದೆ, ನನಗೆ ಗೊತ್ತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಹೇಳಿಬಿಡಿ, ನಕ್ಕುಬಿಡಿ. ಗಾದೆ ಕಟ್ಟಿದವನಿಗೇನು ಗೊತ್ತು? ಅವತ್ತು ನನಗೆ ಕೋಪ ಇರಲಿಲ್ಲ. ಕೋಪ ಮಾಡ್ಕೊಳ್ಳೋಕೆ ಆ ಹೆಂಗಸು ಇರಬೇಕಿತ್ತಲ್ಲ!

ಹೌದು, ಅತ್ತೆಯ ಬೆಕ್ಕು. ಅಂಗೈಯಷ್ಟಿದ್ದಾಗ ತಂದು ಸಾಕಿದ್ದು, ಹನ್ನೊಂದು ವರ್ಷ. ನನ್ನ ಕಂಡರೆ ಇಬ್ಬರಿಗೂ ಆಗ್ತಿರಲಿಲ್ಲ. ಅತ್ತೆಯನ್ನ ಆಸ್ಪತ್ರೆಗೆ ಸೇರಿಸಿದಾಗ... ನನ್ನದೇ ಆಸ್ಪತ್ರೆ, ನಾನು ಎಣಿಸಿಟ್ಟು ಬಂದ ಚಾದರಗಳ ಮೇಲೇ ಮಲಗಿಸಿದ್ರು... ನನ್ನ ಕೈ ಹಿಡ್ಕೊಂಡ್ರು. ಮೂವತ್ತೊಂದು ವರ್ಷದಲ್ಲಿ ಮೊದಲನೇ ಸಲ. ‘ನಲವತ್ತೇಳೂ, ಕಳ್ಳಿ ಇನ್ನು ನಿನ್ನದು’ ಅಂದ್ರು. ಹೂಂ ಅಂದೆ. ನಾನು ಹೂಂ ಅಂದಮೇಲೆ ಮುಗೀತು, ಮಾತಿಗೆ ತಪ್ಪಿದವಳಲ್ಲ. ತಪ್ಪಿರಲಿಲ್ಲ.

ಅವರು ತೀರಿಕೊಂಡ ನಾಲ್ಕನೇ ದಿನ ಅವರ ಕೋಣೆಗೆ ಹಾಸಿಗೆ ಬಟ್ಟೆ ತೆಗೆಯೋಕೆ ಹೋದೆ. ಆಸ್ಪತ್ರೆಯಲ್ಲಿ ಒಂದು ಗಂಟೆ ಒಳಗೆ ತೆಗೀಬೇಕು, ಅದು ನಿಯಮ. ನಾನಾಗಲೇ ನಾಲ್ಕು ದಿನ ತಡ. ಹೋಗಿ ನೋಡಿದರೆ ಆ ಬೆಕ್ಕು ಚಾದರದ ನಡುವೆ ಕೂತಿದೆ. ಹುಶ್ ಅಂದೆ, ಏಳಲಿಲ್ಲ. ಚಾದರ ಎಳೆದೆ, ಉಗುರು ಊರಿತು. ಅದು ಆ ತುದಿ, ನಾನು ಈ ತುದಿ. ಎಷ್ಟು ಹೊತ್ತು ಅಂತೀರಿ? ಮಧ್ಯಾಹ್ನವೆಲ್ಲ. ಆಮೇಲೆ ನನ್ನ ಮುಖವನ್ನೇ ನೋಡ್ತು, ಅವರು ನೋಡ್ತಿದ್ದ ಹಾಗೇ. ಆರುನೂರು ಹಾಸಿಗೆ ಬದಲಾಯಿಸಿದ ನನಗೆ ಒಂದು ಚಾದರ ತೆಗೆಯೋಕಾಗಲಿಲ್ಲ ಅಂದ್ರೆ! ಮರುದಿನ ಬೆಳಿಗ್ಗೆ ಬುಟ್ಟಿಗೆ ಹಾಕಿ ನಿಮ್ಮ ಗೇಟಿಗೆ ತಂದಿಟ್ಟೆ. ಬಾಗಿಲು ತೆಗೆಯೋವರೆಗೂ ಎದುರಿನ ಬಸ್ ನಿಲ್ದಾಣದಲ್ಲೇ ನಿಂತಿದ್ದೆ, ಅದನ್ನೂ ಬರ್ಕೊಳ್ಳಿ. ಬಿಸಿಲು ಬೀಳೋ ಮೊದಲು ನೀವು ಒಳಗೆ ತಗೊಂಡು ಹೋದ್ರಿ.

ಮನೆಗೆ ಬಂದು ಚಾದರ ತೆಗೆದೆ. ಒಗೆದೆ, ಇಸ್ತ್ರಿ ಮಾಡಿದೆ, ಮಡಿಸಿಟ್ಟೆ. ಅವರ ಶಾಲನ್ನೂ ಒಗೆದೆ. ಒಗೆಯಬಾರದಿತ್ತು... ಎಲ್ಲದಕ್ಕೂ ಈಗ ಬರೀ ಸೋಪಿನ ವಾಸನೆ. ಅವರ ವಾಸನೆ ಈ ಭೂಮಿ ಮೇಲೆ ಇನ್ನು ಯಾರಿಗಾದರೂ ಗೊತ್ತಿದ್ದರೆ ಅದು ಆ ಬೆಕ್ಕಿಗೆ. ಮತ್ತೆ ಈ ಮನೆ! ನಾನು ಬೆಳಿಗ್ಗೆ ಇಟ್ಟ ಡಬ್ಬಿ ಸಂಜೆಗೂ ಅಲ್ಲೇ ಇರುತ್ತೆ. ನಾಳೆಗೂ ಅಲ್ಲೇ. ಮೂವತ್ತೊಂದು ವರ್ಷ ಇದನ್ನೇ ಬೇಡ್ಕೊಂಡೆ, ಇಟ್ಟ ವಸ್ತು ಇಟ್ಟಲ್ಲೇ ಇರಲಿ ಅಂತ. ಇದೆ ಈಗ, ನೋಡಿ! ಯಾರಿಗೆ ಬೈಯಲಿ ನಾನು? ಡಬ್ಬಿಗಾ?

ಫಾರಂ ಈ ಕಡೆ ಕೊಡಿ. ಕೊಡಿ ಅಂದೆ. ಆಸ್ಪತ್ರೆಯಲ್ಲಿ ತಪ್ಪು ಬರೆದರೆ ಉಜ್ಜೋ ಹಾಗಿಲ್ಲ, ಮೇಲೆ ತಿದ್ದೋ ಹಾಗಿಲ್ಲ. ಒಂದೇ ಗೆರೆ ಎಳೀಬೇಕು, ಮೊದಲು ಬರೆದಿದ್ದು ಕಾಣಿಸ್ತಿರಬೇಕು, ಪಕ್ಕದಲ್ಲಿ ಸಹಿ. ಹೀಗೆ. ‘ಇಲ್ಲ’ ಹೊಡೆದು ಹಾಕಿದೆ. ‘ಹೌದು.’ ಸಹಿ, ತಾರೀಖು. ‘ಕಾರಣ?’ ಇಷ್ಟೇ ಇಷ್ಟು ಜಾಗ ಬಿಟ್ಟಿದ್ದೀರಿ... ‘ಅತ್ತೆ ತೀರಿಕೊಂಡರು.’ ಸಾಕು. ಆ ಗೆರೆಯಲ್ಲಿ ಅಷ್ಟೇ ಹಿಡಿಯೋದು.

ಈಗ ನಿಮ್ಮ ನಿಯಮ ನೀವು ನೋಡ್ಕೊಳ್ಳಿ. ನಾನು ಬೇಡಲ್ಲ. ಅಳೋದೂ ಇಲ್ಲ, ಇದು ಚಹಾದ ಹಬೆ... ಆರಿ ಎಷ್ಟೋ ಹೊತ್ತಾಯಿತು, ಗೊತ್ತು. ಒಂದೇ ಒಂದು ಮಾತು. ಗುರುತು ಇಲ್ಲದ ಬಟ್ಟೆ ಸಿಗಲಿಲ್ವಾ ಇವಳಿಗೆ, ಸಿಕ್ಕಿಬೀಳ್ತೀನಿ ಅಂತ ಗೊತ್ತಾಗಲಿಲ್ವಾ, ಅಂತ ಯೋಚಿಸ್ತಿದ್ದೀರಿ. ಈ ಮನೆಯಲ್ಲಿ ಗುರುತಿಲ್ಲದ್ದು ಒಂದೇ ಒಂದಿತ್ತು, ಅತ್ತೆಯ ಶಾಲು. ಅದನ್ನು ಮೊದಲು ಕೈಗೆ ತಗೊಂಡಿದ್ದೆ. ವಾಪಸ್ ಇಟ್ಟೆ. ಟವೆಲು ತಗೊಂಡೆ. ಬೇಕಂತಲಾ ಅಂತ ಕೇಳಬೇಡಿ, ನನಗೂ ಗೊತ್ತಿಲ್ಲ. ಆದರೆ ನಂಬರು ಹಾಕೋದು ಯಾಕೆ, ಹೇಳಿ ನೋಡೋಣ? ಚಂದಕ್ಕಾ? ನೂರಿಪ್ಪತ್ತು ಜನರ ಬಟ್ಟೆಯಲ್ಲಿ ಕಲಸಿಹೋದರೂ ಸಂಜೆಗೆ ನನ್ನ ಮಂಚದ ಮೇಲೆ ತಿರುಗಿ ಬರಲಿ ಅಂತ.

ಯಾಕೆ ಎದ್ದಿರಿ?... ಹೊರಟಿರಾ? ಸರಿ, ಹೊರಡಿ. ಬಾಗಿಲು ಹುಷಾರು, ಜೋರಾಗಿ...

ಟವೆಲು ಎಲ್ಲಿ ಇಡ್ತಿದ್ದೀರಿ? ಅದು ಬುಟ್ಟಿ... ಅದು ಬೆಕ್ಕಿನ ಬುಟ್ಟಿ...

ಏನಾದರೂ ಹೇಳಿ. ಇಲ್ಲ, ಬೇಡ, ಹೇಳಬೇಡಿ. ಹಾಗೆ ಮಡಿಸೋದಾ ಟವೆಲನ್ನ? ಯಾರು ಕಲಿಸಿದ್ರು ನಿಮಗೆ? ಸ್ವಲ್ಪ ಆ ಕಡೆ ಸರೀರಿ, ನಾನು ಮಡಿಸ್ತೀನಿ. ಅಂಚಿಗೆ ಅಂಚು. ಹೂಂ. ಈಗ ಇಡಿ. ನಂಬರು ಮೇಲೆ ಬರಬೇಕು.